ಹವಾಯಿ: ಬೆಂಕಿಯ ನೆಲದಲ್ಲಿ ಮರುಹುಟ್ಟು ಪಡೆದ ಸಂಸ್ಕೃತಿ

ಪೆಸಿಫಿಕ್ ಮಹಾಸಾಗರದ ನಡುವೆ, ಅಮೆರಿಕದ ಪಶ್ಚಿಮ ಕರಾವಳಿಯಿಂದ ಸುಮಾರು 3,800 ಕಿ.ಮೀ. ದೂರದಲ್ಲಿ ಹವಾಯಿ ದ್ವೀಪಸಮೂಹವಿದೆ. ಹವಾಯಿ ಎಂದೊಡನೆ ಬಹುತೇಕರ ಕಣ್ಣ ಮುಂದೆ ಬರುವುದು ವೈಕಿಕಿಯ ಕಡಲತೀರ, ಕೊರಳಿಗೆ ಹೂಮಾಲೆ ಮತ್ತು ಹುಲಾ ನೃತ್ಯ. ಪ್ರವಾಸೋದ್ಯಮದ ಜಾಹೀರಾತುಗಳು ದಶಕಗಳಿಂದ ಬಿಂಬಿಸುತ್ತ ಬಂದಿರುವ ಚಿತ್ರವಿದು. ಆದರೆ ಈ ಚಿತ್ರದ ಹಿಂದೆ, ಒಮ್ಮೆ ಸ್ವತಂತ್ರವಾಗಿದ್ದು, ಭಾಷೆ, ನೃತ್ಯ, ನೆಲ ಮೂರನ್ನೂ ಕಳೆದುಕೊಳ್ಳುವ ಅಂಚಿಗೆ ಬಂದ ಜನಾಂಗವೊಂದು ಅವನ್ನು ಮತ್ತೆ ಗಳಿಸಿಕೊಳ್ಳುತ್ತಿರುವ ಕಥೆಯಿದೆ. ಆ ಕಥೆಯನ್ನು ಅರಿಯದೆ ಹೋಗಿ ಬಂದವರು ಹವಾಯಿಯ ಕಡಲನ್ನು ಕಂಡಿರಬಹುದು, ನಾಡನ್ನು ಕಂಡಿರುವುದಿಲ್ಲ.

ಜ್ವಾಲಾಮುಖಿಯ ಕೊಡುಗೆ

ಈ ಸಮೂಹದಲ್ಲಿ ಎಂಟು ಪ್ರಮುಖ ದ್ವೀಪಗಳಿವೆ. ಭೂಗರ್ಭದ ಒಂದು ತಾಣದಿಂದ ಶಿಲಾರಸ ಮೇಲೇರುತ್ತಿದ್ದರೆ, ಅದರ ಮೇಲಿನ ಸಾಗರತಳದ ಫಲಕ ವಾಯವ್ಯ ದಿಕ್ಕಿಗೆ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಜರುಗುತ್ತಿದೆ. ಹೀಗಾಗಿ ದ್ವೀಪಗಳು ಒಂದರ ನಂತರ ಒಂದರಂತೆ ಸಾಲಾಗಿ ಹುಟ್ಟಿವೆ. ವಾಯವ್ಯದ ಕೌವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷ ವಯಸ್ಸಾದರೆ, ಆಗ್ನೇಯದ 'ದೊಡ್ಡ ದ್ವೀಪ' ಹವಾಯಿಗೆ ಇನ್ನೂ 10 ಲಕ್ಷ ವರ್ಷವೂ ತುಂಬಿಲ್ಲ. ಇಲ್ಲಿನ ಕಿಲಾವೆಯಾ ಜಗತ್ತಿನ ಅತ್ಯಂತ ಸಕ್ರಿಯ ಜ್ವಾಲಾಮುಖಿಗಳಲ್ಲೊಂದು. 2018ರ ಸ್ಫೋಟದಲ್ಲಿ 700ಕ್ಕೂ ಹೆಚ್ಚು ಮನೆಗಳು ಲಾವಾದಡಿ ಹೂತುಹೋದವು. 2024ರ ಡಿಸೆಂಬರಿನಿಂದ ಅದರ ಶಿಖರಕುಂಡದಲ್ಲಿ ಲಾವಾ ಕಾರಂಜಿಗಳು ಆಗಾಗ ಚಿಮ್ಮತೊಡಗಿದವು.

ಮೂಲನಿವಾಸಿಗಳ ಪಾಲಿಗೆ ಇದು ಕೇವಲ ಭೂವಿಜ್ಞಾನವಲ್ಲ. ಕಿಲಾವೆಯಾದ ಹಲೆಮಾವುಮಾವು ಕುಂಡವು ಅಗ್ನಿದೇವತೆ ಪೆಲೆಯ ವಾಸಸ್ಥಾನ. ಲಾವಾ ಹರಿದು ಬಂದಾಗ ಶಪಿಸುವುದಕ್ಕಿಂತ ದಾರಿ ಬಿಟ್ಟುಕೊಡುವುದೇ ರೂಢಿ. ನೆಲವನ್ನು ಕೊಟ್ಟವಳೂ ಅವಳೇ, ಕಿತ್ತುಕೊಳ್ಳುವವಳೂ ಅವಳೇ ಎಂಬುದು ನಂಬಿಕೆ. ಒರಟು ಲಾವಾಕ್ಕೆ 'ಆಆ', ನುಣುಪಾದ ಲಾವಾಕ್ಕೆ 'ಪಾಹೊಯ್‌ಹೊಯ್' ಎಂದು ಹವಾಯಿಯನ್ನರು ಇಟ್ಟ ಹೆಸರುಗಳನ್ನೇ ಇಂದು ಜಗತ್ತಿನೆಲ್ಲೆಡೆಯ ಭೂವಿಜ್ಞಾನಿಗಳು ಬಳಸುತ್ತಾರೆ.

ಕೆಸುವೇ ಹಿರಿಯಣ್ಣ

ಪಾಲಿನೇಷ್ಯದ ನಾವಿಕರು ನಕ್ಷತ್ರ, ಅಲೆ ಮತ್ತು ಹಕ್ಕಿಗಳ ಜಾಡು ಹಿಡಿದು ಜೋಡಿ ದೋಣಿಗಳಲ್ಲಿ ಇಲ್ಲಿಗೆ ಬಂದು ಸುಮಾರು ಸಾವಿರ ವರ್ಷಗಳಾಗಿವೆ. ಅವರು ತಂದ ಗಿಡಗಳಲ್ಲಿ ಮುಖ್ಯವಾದದ್ದು 'ಕಲೋ'. ಇದು ನಮ್ಮ ಮಲೆನಾಡು ಮತ್ತು ಕರಾವಳಿಯ ಕೆಸುವೇ. ನಮ್ಮಲ್ಲಿ ಎಲೆಯಿಂದ ಪತ್ರೊಡೆ ಮಾಡಿದರೆ, ಅಲ್ಲಿ ಗಡ್ಡೆಯನ್ನು ಬೇಯಿಸಿ, ಜಜ್ಜಿ 'ಪೊಯ್' ಎಂಬ ಅಂಬಲಿಯಂಥ ಆಹಾರ ತಯಾರಿಸುತ್ತಾರೆ. ದೇವದಂಪತಿಗೆ ಹುಟ್ಟಿದ ಮೊದಲ ಮಗು ಜೀವವಿಲ್ಲದೆ ಜನಿಸಿತು. ಅದನ್ನು ಹೂತ ಜಾಗದಲ್ಲಿ ಕೆಸುವಿನ ಗಿಡ ಮೊಳೆಯಿತು. ಎರಡನೆಯ ಮಗುವೇ ಮನುಕುಲದ ಮೂಲಪುರುಷ ಎಂಬುದು ಅವರ ಪುರಾಣ. ಹೀಗಾಗಿ ಕೆಸು ಮನುಷ್ಯನಿಗೆ ಹಿರಿಯಣ್ಣ. ಅಣ್ಣ ಅನ್ನ ಕೊಡುತ್ತಾನೆ, ತಮ್ಮ ಅಣ್ಣನನ್ನು ನೋಡಿಕೊಳ್ಳುತ್ತಾನೆ. ಬೆಟ್ಟದಿಂದ ಕಡಲಿನವರೆಗಿನ ಒಂದು ಪಟ್ಟಿಯನ್ನು 'ಅಹುಪುವಾ' ಎಂಬ ಒಂದೇ ಘಟಕವಾಗಿ ಕಂಡು, ಅದರ ನೀರನ್ನು ಹಂಚಿಕೊಂಡು ಗದ್ದೆಗಳಲ್ಲಿ ಬೇಸಾಯ ಮಾಡುವ ಪದ್ಧತಿ ಈ ಭಾವನೆಯ ಮೇಲೆಯೇ ನಿಂತಿತ್ತು.

ಗಂಧದಿಂದ ಕಬ್ಬಿನವರೆಗೆ

1778ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಬಂದ ನಂತರ ಎಲ್ಲವೂ ವೇಗವಾಗಿ ಬದಲಾಯಿತು. ಒಂದನೆಯ ಕಮೇಹಮೇಹ 1810ರ ಹೊತ್ತಿಗೆ ದ್ವೀಪಗಳನ್ನೆಲ್ಲ ಒಂದೇ ರಾಜ್ಯವಾಗಿಸಿದ. ನಮ್ಮ ಶ್ರೀಗಂಧದ ಕುಲಕ್ಕೇ ಸೇರಿದ ಅಲ್ಲಿನ ಗಂಧದ ಮರಗಳನ್ನು ಕಡಿದು ಚೀನಾಕ್ಕೆ ಸಾಗಿಸುವ ವ್ಯಾಪಾರದಲ್ಲಿ ಕೆಲವೇ ದಶಕಗಳಲ್ಲಿ ಕಾಡು ಬರಿದಾಯಿತು, ಪಾಳೆಯಗಾರರು ಸಾಲದಲ್ಲಿ ಮುಳುಗಿದರು. ಹೊರಗಿನಿಂದ ಬಂದ ರೋಗಗಳು ಜನರನ್ನು ಬಲಿ ತೆಗೆದುಕೊಂಡವು. 1890ರ ಜನಗಣತಿಯ ವೇಳೆಗೆ ಮೂಲನಿವಾಸಿಗಳ ಸಂಖ್ಯೆ ಸುಮಾರು 40,000ಕ್ಕೆ ಕುಸಿದಿತ್ತು. ಕಬ್ಬಿನ ತೋಟಗಳು ಎದ್ದವು. ಚೀನಾ, ಜಪಾನ್, ಪೋರ್ಚುಗಲ್, ಫಿಲಿಪೈನ್ಸ್‌ಗಳಿಂದ ಕೂಲಿಗಳು ಬಂದರು. 1893ರ ಜನವರಿ 17ರಂದು, ಅಮೆರಿಕದ ನೌಕಾಸೈನಿಕರು ದಡದಲ್ಲಿ ನಿಂತಿರುವಂತೆಯೇ, ತೋಟದ ಮಾಲೀಕರ ಹಿತವನ್ನು ಪ್ರತಿನಿಧಿಸುತ್ತಿದ್ದ ಗುಂಪೊಂದು ರಾಣಿ ಲಿಲಿಯುಓಕಲಾನಿಯನ್ನು ಪದಚ್ಯುತಗೊಳಿಸಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನು ವಶಪಡಿಸಿಕೊಂಡಿತು. 1959ರಲ್ಲಿ ಹವಾಯಿ ಅದರ 50ನೇ ರಾಜ್ಯವಾಯಿತು. ಈ ಕೃತ್ಯಕ್ಕಾಗಿ ಅಮೆರಿಕದ ಸಂಸತ್ತು 1993ರಲ್ಲಿ ಅಧಿಕೃತವಾಗಿ ಕ್ಷಮೆ ಯಾಚಿಸಿತು.

ನುಡಿ ಮರಳಿ ಬಂದ ಬಗೆ

ಹವಾಯಿಯನ್ ಭಾಷೆಯ ಮೊದಲ ಪತ್ರಿಕೆ ಹೊರಬಂದದ್ದು 1834ರಲ್ಲಿ. ನಂತರದ ಸುಮಾರು ನೂರು ವರ್ಷಗಳಲ್ಲಿ ಆ ಭಾಷೆಯಲ್ಲಿ ನೂರಕ್ಕೂ ಹೆಚ್ಚು ಪತ್ರಿಕೆಗಳು ಪ್ರಕಟವಾದವು. ಹೀಗೆ ಅಕ್ಷರಸ್ಥವಾಗಿದ್ದ ನುಡಿಯನ್ನು 1896ರ ಕಾನೂನು ಶಾಲೆಗಳಿಂದ ಹೊರದೂಡಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮವಾಗಿಸಿತು. 1980ರ ದಶಕದ ಆರಂಭಕ್ಕೆ ಈ ಭಾಷೆಯಾಡುವ ಮಕ್ಕಳು ಬೆರಳೆಣಿಕೆಯಷ್ಟೇ ಉಳಿದಿದ್ದರು. 1978ರ ಸಂವಿಧಾನ ತಿದ್ದುಪಡಿ ಹವಾಯಿಯನ್ನನ್ನು ಇಂಗ್ಲಿಷಿನ ಜೊತೆಗೆ ರಾಜ್ಯದ ಅಧಿಕೃತ ಭಾಷೆಯಾಗಿಸಿದರೂ, ನಿಜವಾದ ತಿರುವು ಬಂದದ್ದು 1984ರಲ್ಲಿ. ಪೋಷಕರು ಮತ್ತು ಶಿಕ್ಷಕರು ಸೇರಿ 'ಪೂನಾನ ಲಿಯೋ', ಅಂದರೆ 'ನುಡಿಯ ಗೂಡು' ಎಂಬ ಶಿಶುವಿಹಾರ ತೆರೆದರು. ಅಲ್ಲಿ ಹವಾಯಿಯನ್ ಬಿಟ್ಟು ಬೇರೆ ಭಾಷೆಗೆ ಪ್ರವೇಶವಿರಲಿಲ್ಲ. ಇಂದು ಶಿಶುವಿಹಾರದಿಂದ ಡಾಕ್ಟರೇಟ್‌ವರೆಗೆ ಆ ಭಾಷೆಯಲ್ಲೇ ಕಲಿಯಬಹುದಾಗಿದೆ. ಆದೇಶಕ್ಕಿಂತ ಮನೆ ಮತ್ತು ಶಾಲೆಗಳೇ ಭಾಷೆಯನ್ನು ಉಳಿಸುತ್ತವೆ ಎಂಬ ಈ ಪಾಠ ಕನ್ನಡಿಗರಿಗೂ ಅಪ್ರಸ್ತುತವಲ್ಲ.

ಹುಲಾದ ಕಥೆಯೂ ಇಂಥದ್ದೇ. ಕ್ರೈಸ್ತ ಮಿಷನರಿಗಳ ಪ್ರಭಾವಕ್ಕೊಳಗಾದ ರಾಣಿ ಕಾಹುಮನು 1830ರಲ್ಲಿ ಸಾರ್ವಜನಿಕ ಹುಲಾವನ್ನು ನಿಷೇಧಿಸಿದಳು. 1883ರಲ್ಲಿ ದೊರೆ ಕಲಾಕಾವಾ ತನ್ನ ಪಟ್ಟಾಭಿಷೇಕದಲ್ಲಿ ಅದಕ್ಕೆ ಮತ್ತೆ ಗೌರವದ ಸ್ಥಾನ ನೀಡಿದ. ಆತನ ನೆನಪಿನಲ್ಲಿ 1963ರಲ್ಲಿ ಆರಂಭವಾದ ಮೆರ್ರಿ ಮೊನಾರ್ಕ್ ಉತ್ಸವ ಪ್ರತಿವರ್ಷ ಈಸ್ಟರ್ ನಂತರ ಹೀಲೋ ಪಟ್ಟಣದಲ್ಲಿ ನಡೆಯುತ್ತದೆ. ಪ್ರಾಚೀನ ಶೈಲಿಯ ಹುಲಾದಲ್ಲಿ ಮುಖ್ಯವಾದದ್ದು ಮಂತ್ರದಂಥ ಪಠಣ. ಆ ಮಾತುಗಳಿಗೆ ಕೈಗಳು ಅರ್ಥ ಕೊಡುತ್ತವೆ. ಹೋಟೆಲ್ ಅಂಗಳದ ಪ್ರದರ್ಶನಕ್ಕೂ ಇದಕ್ಕೂ ಅಜಗಜಾಂತರ.

ನೌಕಾವಿದ್ಯೆಯೂ ಮರಳಿತು. 1976ರಲ್ಲಿ 'ಹೋಕುಲೆಯಾ' ಎಂಬ ಜೋಡಿ ದೋಣಿ ಯಾವುದೇ ಉಪಕರಣವಿಲ್ಲದೆ ತಹೀತಿ ತಲುಪಿತು. ಅದಕ್ಕೆ ದಾರಿ ತೋರಿದವರು ಮೈಕ್ರೋನೇಷ್ಯದ ಮಾವ್ ಪಿಯೈಲುಗ್. ಆ ವೇಳೆಗೆ ಹವಾಯಿಯಲ್ಲಿ ಈ ವಿದ್ಯೆ ಬಲ್ಲವರು ಉಳಿದಿರಲಿಲ್ಲ.

ಮೌನಾ ಕೆಯಾ ಮತ್ತು ಬೆಂಗಳೂರು

4,207 ಮೀಟರ್ ಎತ್ತರದ ಮೌನಾ ಕೆಯಾ ಶಿಖರ ಖಗೋಳವಿಜ್ಞಾನಿಗಳಿಗೆ ಸ್ವರ್ಗ, ಹವಾಯಿಯನ್ನರಿಗೆ ಪವಿತ್ರ ಗಿರಿ. ಅಲ್ಲಿ ಉದ್ದೇಶಿಸಲಾದ ಮೂವತ್ತು ಮೀಟರ್ ದೂರದರ್ಶಕ ಯೋಜನೆಯಲ್ಲಿ ಭಾರತವೂ ಪಾಲುದಾರ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಭಾರತದ ಪಾಲಿನ ಕಾರ್ಯವನ್ನು ಮುನ್ನಡೆಸುತ್ತಿದೆ. ಹವಾಯಿಯ ಸುಪ್ರೀಂ ಕೋರ್ಟ್ 2018ರಲ್ಲಿ ಅನುಮತಿ ಎತ್ತಿಹಿಡಿದರೂ, 2019ರಲ್ಲಿ ಹಿರಿಯರೇ ರಸ್ತೆಯಲ್ಲಿ ಕುಳಿತು ಬಂಧನಕ್ಕೊಳಗಾದರು, ನಿರ್ಮಾಣ ನಿಂತಿತು. ವಿಜ್ಞಾನದ ಹಿತ ದೊಡ್ಡದೋ, ನೆಲದವರ ಮಾತು ದೊಡ್ಡದೋ ಎಂಬ ಪ್ರಶ್ನೆಯಲ್ಲಿ ನಮ್ಮ ನಗರಕ್ಕೂ ಪಾಲಿದೆ.

ಪ್ರವಾಸಿಗರ ಗಮನಕ್ಕೆ

* ಭಾರತೀಯರಿಗೆ ಅಮೆರಿಕದ ವೀಸಾ ಅಗತ್ಯ. ಟೋಕಿಯೊ, ಸೋಲ್ ಅಥವಾ ಅಮೆರಿಕದ ಪಶ್ಚಿಮ ನಗರಗಳ ಮೂಲಕ ಹೊನೊಲುಲು ತಲುಪಬಹುದು. ಅಲ್ಲಿನ ಸಮಯ ಭಾರತಕ್ಕಿಂತ ಹದಿನೈದೂವರೆ ಗಂಟೆ ಹಿಂದೆ.

* ಹೊನೊಲುಲುವಿನಲ್ಲಿ ರಾಣಿಯನ್ನು ಬಂಧನದಲ್ಲಿಟ್ಟಿದ್ದ ಇಓಲಾನಿ ಅರಮನೆ ಹಾಗೂ 1889ರಲ್ಲಿ ಸ್ಥಾಪಿತವಾದ ಬಿಷಪ್ ವಸ್ತುಸಂಗ್ರಹಾಲಯಗಳನ್ನು ಮೊದಲು ನೋಡುವುದು ಒಳಿತು. ಉಳಿದುದೆಲ್ಲ ಆಗ ಅರ್ಥವಾಗುತ್ತದೆ.

* ದೊಡ್ಡ ದ್ವೀಪದ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದಿಂದ ಕಲ್ಲು ತರುವುದು ಕಾನೂನುಬಾಹಿರ. ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುವುದೂ ಸಲ್ಲದು.

* ಹವಳಕ್ಕೆ ಹಾನಿಕಾರಕವಾದ ಎರಡು ರಾಸಾಯನಿಕಗಳುಳ್ಳ ಸನ್‌ಸ್ಕ್ರೀನ್‌ಗಳ ಮಾರಾಟವನ್ನು 2021ರಿಂದ ನಿರ್ಬಂಧಿಸಲಾಗಿದೆ.

* ಕೌವಾಯಿಯ ಹಿಂದೂ ಮಠದಲ್ಲಿರುವ ಇರೈವನ್ ದೇವಾಲಯದ ಶಿಲೆಗಳನ್ನು ಬೆಂಗಳೂರಿನ ಸಮೀಪ ಕೈಯಿಂದಲೇ ಕೆತ್ತಿ ಹಡಗಿನಲ್ಲಿ ಸಾಗಿಸಲಾಗಿತ್ತು.

ಅತಿಥಿಯ ಹೊಣೆ

2019ರಲ್ಲಿ ಒಂದು ಕೋಟಿಗೂ ಹೆಚ್ಚು ಪ್ರವಾಸಿಗರು ಬಂದ ಈ ರಾಜ್ಯದ ಜನಸಂಖ್ಯೆ 15 ಲಕ್ಷವನ್ನೂ ಮುಟ್ಟುವುದಿಲ್ಲ. ಮನೆ, ಬದುಕು ದುಬಾರಿಯಾಗಿ, ಮೂಲನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹವಾಯಿಯ ಹೊರಗೆ ನೆಲೆಸಿರುವುದನ್ನು 2020ರ ಜನಗಣತಿ ತೋರಿಸಿದೆ. 2023ರ ಆಗಸ್ಟ್ 8ರಂದು ಮಾವಿ ದ್ವೀಪದ ಹಳೆಯ ರಾಜಧಾನಿ ಲಹೈನಾ ಬೆಂಕಿಗೆ ಆಹುತಿಯಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಕಬ್ಬಿನ ತೋಟಗಳು ಪಾಳುಬಿದ್ದ ಮೇಲೆ ಹಬ್ಬಿದ ಹೊರನಾಡಿನ ಹುಲ್ಲು ಆ ಬೆಂಕಿಗೆ ಇಂಧನವಾಗಿತ್ತು. 'ಅಲೋಹಾ' ಎಂದರೆ ಬರಿಯ ನಮಸ್ಕಾರವಲ್ಲ. ಪ್ರೀತಿ, ಕರುಣೆ, ಪರಸ್ಪರ ಗೌರವಗಳೂ ಆ ಪದದೊಳಗಿವೆ. ಆ ಮಾತಿನಿಂದ ಸ್ವಾಗತ ಪಡೆದ ಅತಿಥಿ ಅದೇ ಗೌರವವನ್ನು ನೆಲಕ್ಕೂ ಜನಕ್ಕೂ ಹಿಂದಿರುಗಿಸುವುದು ನ್ಯಾಯ.