ಎರಡೂವರೆ ಅಡಿ ಅಗಲದ ದಾರಿ



ನಿಮ್ಮ ಮನೆಯಲ್ಲಿ ದೊಡ್ಡವರು ಆಡುವ ಅಳತೆಯ ಕ್ರಿಕೆಟ್ ಬ್ಯಾಟ್ ಇದ್ದರೆ ಅದನ್ನೊಮ್ಮೆ ನೆಲದ ಮೇಲೆ ಅಡ್ಡಲಾಗಿ ಮಲಗಿಸಿ. ಅದರ ಉದ್ದ ಸುಮಾರು 34 ಅಂಗುಲ. ಅದರಲ್ಲಿ ನಾಲ್ಕು ಅಂಗುಲ ಕಳೆಯಿರಿ. ಉಳಿದ 30 ಅಂಗುಲ, ಅಂದರೆ ಎರಡೂವರೆ ಅಡಿ, ಒಂದು ಕಾಲಕ್ಕೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಹಾದುಹೋಗುತ್ತಿದ್ದ ರೈಲಿನ ಎರಡು ಕಂಬಿಗಳ ನಡುವಣ ಅಂತರ. ಅಷ್ಟು ಕಿರಿದಾದ ದಾರಿಯ ಮೇಲೆ ಎಂಜಿನ್ನು, ಡಬ್ಬಿಗಳು, ಜನ, ಮೂಟೆಗಳು ಎಲ್ಲವೂ ಸಾಗುತ್ತಿದ್ದವು. ನಿಧಾನವಾಗಿ, ಬಹಳ ನಿಧಾನವಾಗಿ.

ಆ ರೈಲಿನ ಕಥೆಗೆ ಬರುವ ಮುಂಚೆ ನಿಮ್ಮನ್ನು ಸ್ವಲ್ಪ ದೂರ, ಇಂಗ್ಲೆಂಡಿಗೆ, ಕರೆದುಕೊಂಡು ಹೋಗಬೇಕಾಗಿದೆ. ಕಾರಣ ಮುಂದೆ ನಿಮಗೇ ತಿಳಿಯುತ್ತದೆ.

ರೈಲು ಹುಟ್ಟುವುದಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಸರಕು ಸಾಗಿದ್ದು ನೀರಿನ ಮೇಲೆ. 1761ರಲ್ಲಿ ಬ್ರಿಡ್ಜ್‌ವಾಟರ್ ಕಾಲುವೆ ತೆರೆಯಿತು. ವರ್ಸ್ಲಿಯ ಗಣಿಯ ಕಲ್ಲಿದ್ದಲು ದೋಣಿಯಲ್ಲಿ ಮ್ಯಾಂಚೆಸ್ಟರ್ ನಗರ ಸೇರತೊಡಗಿದ ಮೇಲೆ ಅಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ಲೆಕ್ಕ ಸುಲಭವಾಗಿದೆ ನೋಡಿ. ಒಂದು ಕುದುರೆ ಅಂದಿನ ಮಣ್ಣು ರಸ್ತೆಯಲ್ಲಿ ಎಳೆಯಬಲ್ಲದ್ದು ಒಂದೆರಡು ಟನ್. ಅದೇ ಕುದುರೆ ಕಾಲುವೆಯ ದಂಡೆಯ ಮೇಲೆ ನಡೆಯುತ್ತ, ಹಗ್ಗ ಕಟ್ಟಿದ ದೋಣಿಯಲ್ಲಿ ಸುಮಾರು 25 ಟನ್ ಎಳೆಯುತ್ತಿತ್ತು. ಈ ಕಾಲುವೆಯ ಹಿಂದಿದ್ದ ಜೇಮ್ಸ್ ಬ್ರಿಂಡ್ಲಿ ಎಂಬ ತಂತ್ರಜ್ಞ ಮುಂದಿನ ಕಾಲುವೆಗಳನ್ನು ಯೋಜಿಸುವಾಗ ಖರ್ಚು ಉಳಿಸಲು ಒಂದು ತೀರ್ಮಾನ ಮಾಡಿದ. ಏರುತಗ್ಗಿನ ಜಾಗಗಳಲ್ಲಿ ದೋಣಿಯನ್ನು ಒಳಗೆ ಬಿಟ್ಟುಕೊಂಡು, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲಕ್ಕೆತ್ತುವ ತೊಟ್ಟಿಗಳಿರುತ್ತವೆ. ಅವುಗಳಿಗೆ ಲಾಕ್ ಎನ್ನುತ್ತಾರೆ. ಅವುಗಳ ಅಗಲವನ್ನು ಅವನು ಸುಮಾರು 7 ಅಡಿಗೆ ಇಳಿಸಿಬಿಟ್ಟ. ಆದ್ದರಿಂದ ದೋಣಿಯೂ 7 ಅಡಿಗಿಂತ ಅಗಲವಾಗುವಂತಿಲ್ಲ. ಉದ್ದ ಮಾತ್ರ 70 ಅಡಿಯವರೆಗೆ. ಹೀಗೆ ಹುಟ್ಟಿದ ತೆಳ್ಳನೆಯ, ಉದ್ದನೆಯ ದೋಣಿಗೆ ‘ನ್ಯಾರೋಬೋಟ್’ ಎಂದು ಹೆಸರಾಯಿತು. ಇಂದಿಗೂ ಆ ಕಾಲುವೆಗಳಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಚುರುಕಾಗಿ ನಡೆಯುವವನೊಬ್ಬ ದಂಡೆಯ ಮೇಲೆ ದೋಣಿಯ ಜೊತೆಜೊತೆಗೇ ಹೋಗಬಹುದು.

ನಮ್ಮ ನಾಡಿಗೂ ಇಂಥ ಕಾಲುವೆಗಳು ಬೇಕೆಂದು ವಾದಿಸಿದವರಿದ್ದರು. ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ ಸರ್ ಆರ್ಥರ್ ಕಾಟನ್, ಭಾರತಕ್ಕೆ ರೈಲಿಗಿಂತ ದೋಣಿ ಓಡುವ ಕಾಲುವೆಗಳೇ ಲಾಭದಾಯಕವೆಂದು ಬಹಳ ಕಾಲ ಹೋರಾಡಿದವರು. ಆದರೆ ಅವರು ನಂದಿ ಬೆಟ್ಟದ ಸುತ್ತಿನ ಸೀಮೆಗೆ ಯಾವ ಉಪಾಯ ಹೇಳುತ್ತಿದ್ದರೋ ತಿಳಿಯದು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಇಷ್ಟೊಂದು ನದಿಗಳು ಈ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ. ಆದರೆ ವರ್ಷದ ಹೆಚ್ಚು ಕಾಲ ಇಲ್ಲಿ ಒಂದರಲ್ಲಿಯೂ ಮೊಣಕಾಲುದ್ದ ನೀರಿರುವುದಿಲ್ಲ. ತವರಿನಲ್ಲಿ ನಿಲ್ಲದ ಹೆಣ್ಣುಮಕ್ಕಳು! ಕೆರೆಗಳನ್ನು ನಂಬಿದ ನಾಡಿದು. ಇಲ್ಲಿ ದೋಣಿ ಎಂದರೆ ಕಲ್ಯಾಣಿಯಲ್ಲಿ ನಡೆಯುವ ತೆಪ್ಪೋತ್ಸವದ ತೆಪ್ಪ, ಅಷ್ಟೇ. ಸರಕು ಸಾಗಿದ್ದು ಎತ್ತಿನ ಗಾಡಿಯಲ್ಲಿ.

1864ರಲ್ಲಿ ಮದ್ರಾಸಿನ ಕಡೆಯಿಂದ ಜೋಲಾರಪೇಟೆಯ ಮೇಲಾಗಿ ಬೆಂಗಳೂರಿಗೆ ಬ್ರಾಡ್ ಗೇಜ್ ರೈಲು ಬಂತು. ಅದು ಈಗಿನ ಬಂಗಾರಪೇಟೆಯ ಮೂಲಕ ಹೋಯಿತೇ ಹೊರತು ಕೋಲಾರವನ್ನಾಗಲಿ ಚಿಂತಾಮಣಿಯನ್ನಾಗಲಿ ಮುಟ್ಟಲಿಲ್ಲ. 1890ರ ದಶಕದಲ್ಲಿ ಬೆಂಗಳೂರಿನಿಂದ ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರ ದಾಟಿ ಗುಂತಕಲ್ಲಿನ ಕಡೆಗೆ ಮೀಟರ್ ಗೇಜ್ ರೈಲು ಹೊರಟಿತು. ಗೌರಿಬಿದನೂರಿಗೆ ರೈಲು ಸಿಕ್ಕಿತು. ನಡುವೆ ಸಿಕ್ಕಿಕೊಂಡ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳಿಗೆ ಮಾತ್ರ ಎರಡೂ ದೂರವೇ ಉಳಿದವು.

ದೊಡ್ಡ ರೈಲು ತರುವಷ್ಟು ವ್ಯಾಪಾರ ಈ ಊರುಗಳಲ್ಲಿ ಇರಲಿಲ್ಲ. ಹಾಗೆಂದು ಏನೂ ಇಲ್ಲದಂತೆಯೂ ಇರಲಿಲ್ಲ. ಬ್ರಿಂಡ್ಲಿ ಲಾಕುಗಳನ್ನು ಕಿರಿದುಮಾಡಿದ ಹಾಗೆಯೇ ಇಲ್ಲಿ ಕಂಬಿಗಳ ನಡುವಣ ಅಂತರ ಕಿರಿದಾಯಿತು. ಕಿರಿದಾದ ದಾರಿಗೆ ಹಗುರವಾದ ಕಂಬಿ ಸಾಕು, ಸಣ್ಣ ಸೇತುವೆ ಸಾಕು; ಬೆಟ್ಟಗುಡ್ಡ ಎದುರಾದರೆ ಅಗೆಯುವ ಬದಲು ಬಳಸಿಕೊಂಡು ಹೋಗಬಹುದು. ಇಂಥವಕ್ಕೆ ‘ಲೈಟ್ ರೈಲ್ವೆ’ ಎಂದೇ ಹೆಸರು. ನೆರೆಯ ಮಹಾರಾಷ್ಟ್ರದ ಬಾರ್ಸಿಯಲ್ಲಿ 1897ರಲ್ಲಿ ಇದೇ ಎರಡೂವರೆ ಅಡಿಯ ರೈಲು ಯಶಸ್ವಿಯಾಗಿ ಓಡಿತ್ತು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಬೌರಿಂಗ್‌ಪೇಟೆ, ಅಂದರೆ ಬಂಗಾರಪೇಟೆಯಿಂದ ಕೋಲಾರಕ್ಕೆ ‘ಕೋಲಾರ ಡಿಸ್ಟ್ರಿಕ್ಟ್ ರೈಲ್ವೆ’ ತೆರೆಯಿತು. 1915ರಲ್ಲಿ ಇನ್ನೊಂದು ತುದಿಯಿಂದ, ಯಲಹಂಕದ ಕಡೆಯಿಂದ ದೇವನಹಳ್ಳಿ, ನಂದಿ ಮಾರ್ಗವಾಗಿ ‘ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ’ ಬಂತು. ಅದಕ್ಕೆ ಸರ್ಕಾರದ ಹಣದ ಜೊತೆಗೆ ಖಾಸಗಿಯವರ ಬಂಡವಾಳವೂ ಸೇರಿತ್ತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಹುಟ್ಟೂರು ಮುದ್ದೇನಹಳ್ಳಿ ಈ ದಾರಿಗೆ ಬಹಳ ದೂರವೇನಲ್ಲ; ಹುಡುಗನಾಗಿದ್ದಾಗ ಅವರು ಓದಿದ್ದೂ ಚಿಕ್ಕಬಳ್ಳಾಪುರದಲ್ಲಿ. ಕೆಲವೇ ವರ್ಷಗಳಲ್ಲಿ ಎರಡು ತುದಿಗಳೂ ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಒಂದನ್ನೊಂದು ಕೂಡಿಕೊಂಡವು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಸುಮಾರು 46 ಕಿಲೋಮೀಟರ್, ಅಲ್ಲಿಂದ ಕೋಲಾರಕ್ಕೆ 85, ಕೋಲಾರದಿಂದ ಬಂಗಾರಪೇಟೆಗೆ 18. ಒಟ್ಟು ಸುಮಾರು 150 ಕಿಲೋಮೀಟರಿನ ಪುಟ್ಟ ರೈಲು.

ಈಗ ನಿಜವಾದ ತೊಡಕು ನೋಡಿ. ಈ ರೈಲು ಒಂದು ದ್ವೀಪವಾಗಿತ್ತು. ಬಂಗಾರಪೇಟೆಯಲ್ಲಿ ಅದರ ಪಕ್ಕದ ಕಂಬಿಗಳ ಅಂತರ ಐದೂವರೆ ಅಡಿ. ಯಲಹಂಕದಲ್ಲಿ ಪಕ್ಕದ ಕಂಬಿಗಳದ್ದು ಒಂದು ಮೀಟರ್. ಚಿಂತಾಮಣಿಯಲ್ಲಿ ಕಡಲೆಕಾಯಿ ಮೂಟೆ ತುಂಬಿದ ವ್ಯಾಗನ್ ಬಂಗಾರಪೇಟೆಯವರೆಗೆ ಬಂದು ನಿಲ್ಲಬೇಕು. ಅಲ್ಲಿ ಕೂಲಿಗಳು ಪ್ರತಿಯೊಂದು ಮೂಟೆಯನ್ನೂ ಬೆನ್ನಮೇಲೆ ಹೊತ್ತು ಇನ್ನೊಂದು ವ್ಯಾಗನ್ನಿಗೆ ತುಂಬಬೇಕು. ಆಮೇಲೆಯೇ ಅದು ಮದ್ರಾಸಿಗೆ ಹೊರಡುವುದು. ಅಗ್ಗದ ದಾರಿ ಹಾಕಿ ಉಳಿಸಿದ ಹಣವನ್ನು ಹೀಗೆ ಕೂಲಿಯಾಗಿ, ಕಾಲವಾಗಿ ದಿನದಿನವೂ ತೆರಬೇಕಾಯಿತು. ಇಂಗ್ಲೆಂಡಿನ ಕಿರಿದಾದ ಕಾಲುವೆಗಳದ್ದೂ ಇದೇ ಪಾಡು. ಅಗಲ ನದಿಗಳಲ್ಲಿ ಬರುವ ದೊಡ್ಡ ದೋಣಿ ಏಳಡಿಯ ಲಾಕಿನೊಳಗೆ ತೂರಲಾರದು.

ಗೌರಿಬಿದನೂರಿನಲ್ಲಿ ಓದುತ್ತಿರುವವರು ಇನ್ನೊಂದು ವಿಚಿತ್ರ ಗಮನಿಸಬಹುದು. ನಿಮ್ಮ ಊರಿನ ಮೀಟರ್ ಗೇಜ್, ಚಿಕ್ಕಬಳ್ಳಾಪುರದ ನ್ಯಾರೋ ಗೇಜ್ ಎರಡೂ ಯಲಹಂಕದಲ್ಲಿಯೇ ಸಂಧಿಸುತ್ತಿದ್ದವು. ಆದರೆ ಒಂದರ ಡಬ್ಬಿ ಇನ್ನೊಂದರ ಮೇಲೆ ಓಡಲಾರದು. ಎರಡು ಊರುಗಳ ನಡುವೆ ನೇರ ರೈಲುದಾರಿಯಂತೂ ಇರಲಿಲ್ಲ. ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ಹೊಸ ಜಿಲ್ಲೆಯಾದಾಗಲೂ, ರೈಲಿನಲ್ಲೇ ಜಿಲ್ಲಾಕೇಂದ್ರಕ್ಕೆ ಹೋಗುತ್ತೇನೆಂದು ಹಟ ಹಿಡಿದ ಗೌರಿಬಿದನೂರಿನವನು ಯಲಹಂಕವನ್ನು ಸುತ್ತಿಕೊಂಡೇ ಹೋಗಬೇಕಾಗಿತ್ತು.

ಊರಿಗೆ ರೈಲು ಬಂದ ಮಾತ್ರಕ್ಕೆ ಊರಿನವರೆಲ್ಲ ರೈಲು ಹತ್ತಿದರೆಂದು ತಿಳಿಯಬೇಡಿ. ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರ ಹೆಸರನ್ನು ನೀವು ಕೇಳಿರುತ್ತೀರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರು ಅವರ ಊರು. ಗೌರಿಬಿದನೂರಿಗೆ ರೈಲು ಬಂದು ನಾಲ್ಕು ದಶಕಗಳಾದ ಮೇಲೆ, 1930ರ ದಶಕದಲ್ಲಿ, ಆ ಬಡಹುಡುಗ ಹೈಸ್ಕೂಲು ಓದಲು ಬೆಂಗಳೂರಿಗೆ ಬಂದದ್ದು ಎರಡು ದಿನ ಕಾಲ್ನಡಿಗೆಯಲ್ಲಿ. ಟಿಕೆಟ್ಟಿಗೆ ಹಣವಿರಲಿಲ್ಲ. ನಿಧಾನದ ಪ್ರಯಾಣವನ್ನು ಇಂದು ನಾವು ಸುಖವೆಂದು ಹೊಗಳುವಾಗ ಈ ನಡಿಗೆಯನ್ನು ಮರೆಯಬಾರದು. ಇಂಗ್ಲೆಂಡಿನ ದೋಣಿಗಳ ಮೇಲೂ ಹತ್ತಡಿಯೂ ಇರದ ಕೋಣೆಯಲ್ಲಿ ಇಡೀ ಸಂಸಾರಗಳು ಬದುಕುತ್ತಿದ್ದವು. ಇಂದು ಇಲ್ಲಿ, ನಾಳೆ ಅಲ್ಲಿ. ಮಕ್ಕಳು ಯಾವ ಶಾಲೆಗೆ ಹೋದಾರು? ಆ ಮಕ್ಕಳ ಗತಿ ಕಂಡು ಜಾರ್ಜ್ ಸ್ಮಿತ್ ಎಂಬುವನು ಎಡೆಬಿಡದೆ ಹೋರಾಡಿದ್ದರಿಂದ 1877ರಲ್ಲಿಯೂ 1884ರಲ್ಲಿಯೂ ಪಾರ್ಲಿಮೆಂಟು ಕಾಯಿದೆ ಮಾಡಬೇಕಾಯಿತು.

ನಿಧಾನದ ದಾರಿಗಳು ಸೋತದ್ದೇಕೆ? ರಸ್ತೆ ಬಂತು, ಲಾರಿ ಬಂತು ಎಂದು ಪಠ್ಯಪುಸ್ತಕ ಒಂದೇ ಮಾತಿನಲ್ಲಿ ಮುಗಿಸುತ್ತದೆ. ಸರಕಿನ ಕಡೆಯಿಂದ ಯೋಚಿಸಿ ನೋಡಿ. ಕಲ್ಲಿದ್ದಲು ಕಾಯುತ್ತದೆ, ವಾರ ತಡವಾದರೂ ಅದು ಕಲ್ಲಿದ್ದಲೇ. ರಾಗಿ ಕಾಯುತ್ತದೆ, ಕಡಲೆಕಾಯಿಯೂ ಕಾಯುತ್ತದೆ. ಆದರೆ ಶಿಡ್ಲಘಟ್ಟದ ಬದುಕು ರೇಷ್ಮೆಗೂಡಿನದು. ಹುಳು ಗೂಡು ಕಟ್ಟಿದ ಮೇಲೆ ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಪತಂಗ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಡೆಬಿಡದ ಎಳೆ ಬಿಚ್ಚಲಾಗದು. ಬಿಡಿಸುವುದು, ಮಾರುಕಟ್ಟೆಗೆ ಒಯ್ಯುವುದು, ಹರಾಜು, ಬಿಸಿನೀರಿನ ಬಾಣಲೆ, ಎಲ್ಲವೂ ಅಷ್ಟರೊಳಗೆ ಆಗಬೇಕು. ಚಿಕ್ಕಬಳ್ಳಾಪುರದ ಹೂವಂತೂ ಬೆಳಗ್ಗೆ ಬಿಡಿಸಿದ್ದು ಸಂಜೆಗೆ ಬಾಡುತ್ತದೆ. ಹೂವಿಗೂ ಗೂಡಿಗೂ ತರಕಾರಿಗೂ ಹೊಲದ ಬದುವಿಗೇ ಬಂದು ನಿಲ್ಲುವ ವಾಹನ ಬೇಕು. ದಿನಕ್ಕೆ ಒಂದೆರಡು ಸಲ ಬಂದು, ಪ್ರತಿ ಸ್ಟೇಷನ್ನಿನಲ್ಲೂ ನಿಂತು, ಕೊನೆಗೆ ಮೂಟೆ ಬದಲಾಯಿಸುವ ರೈಲು ಅವಕ್ಕೆ ಒಗ್ಗಲಿಲ್ಲ.

ಸರ್ಕಾರಗಳು ಈ ಎರಡು ದಾರಿಗಳನ್ನೂ ಹತ್ತಿರಹತ್ತಿರದ ವರ್ಷಗಳಲ್ಲಿಯೇ ಹೊಸ ಲೆಕ್ಕಕ್ಕೆ ಸೇರಿಸಿಕೊಂಡವು. 1948ರಲ್ಲಿ ಬ್ರಿಟನ್ನಿನ ಹೆಚ್ಚಿನ ಕಾಲುವೆಗಳು ರಾಷ್ಟ್ರೀಕರಣಗೊಂಡವು. 1951ರಲ್ಲಿ ಮೈಸೂರು ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. 1962-63ರ ಚಳಿಗಾಲದಲ್ಲಿ ಇಂಗ್ಲೆಂಡಿನ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತವು. ಅಳಿದುಳಿದ ಸರಕು ಸಾಗಣೆಯ ಬೆನ್ನು ಮುರಿಯಿತು. ನಮ್ಮಲ್ಲಿ ದೇಶದ ರೈಲುದಾರಿಗಳೆಲ್ಲ ಒಂದೇ ಅಗಲವಾಗಬೇಕೆಂಬ ‘ಯೂನಿಗೇಜ್’ ಯೋಜನೆ 1992ರಲ್ಲಿ ಬಂತು. 1990ರ ದಶಕದಲ್ಲಿ ಯಲಹಂಕ-ಚಿಕ್ಕಬಳ್ಳಾಪುರ, ಬಂಗಾರಪೇಟೆ-ಕೋಲಾರ ಎರಡೂ ತುದಿಗಳು ಬ್ರಾಡ್ ಗೇಜ್ ಆದವು. ನಡುವಿನ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳು ಕಾದವು. ಕಿರಿಯ ಕಂಬಿ ಕಿತ್ತು ಹಿರಿಯ ಕಂಬಿ ಬರುವವರೆಗೆ ರೈಲೇ ಇಲ್ಲದೆ ಕಾದವು. 2013ರಲ್ಲಿ ಆ 85 ಕಿಲೋಮೀಟರೂ ಬ್ರಾಡ್ ಗೇಜ್ ಆಯಿತು.

ಇದು ತಪ್ಪಾಯಿತೆ? ಹಾಗೆಂದು ನಾನು ಹೇಳಲಾರೆ. ಮೂಟೆ ಬದಲಾಯಿಸುವ ಕಷ್ಟ ತಪ್ಪಿತು. ಚಿಂತಾಮಣಿಯ ಕಂಬಿ ದೇಶದ ಯಾವ ಮೂಲೆಗಾದರೂ ಕೂಡಿಕೊಂಡಿತು. ಆದರೆ ಇಂಗ್ಲೆಂಡಿನಲ್ಲಿ ಇದೇ ಘಟ್ಟದಲ್ಲಿ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು.

ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ 1939ರಲ್ಲಿ ‘ಕ್ರೆಸ್ಸಿ’ ಎಂಬ ಹಳೆಯ ನ್ಯಾರೋಬೋಟಿನಲ್ಲಿ ಹೆಂಡತಿಯ ಜೊತೆ ಕಾಲುವೆಗಳ ಮೇಲೆ ಸುಮಾರು 400 ಮೈಲಿ ಸಂಚರಿಸಿದ. ಆ ಪ್ರವಾಸದ ಅವನ ಪುಸ್ತಕ ‘ನ್ಯಾರೋ ಬೋಟ್’ 1944ರಲ್ಲಿ, ಯುದ್ಧದ ನಡುವೆ, ಪ್ರಕಟವಾಯಿತು. ಅದನ್ನು ಓದಿದವರಲ್ಲೊಬ್ಬ ರಾಬರ್ಟ್ ಐಕ್‌ಮನ್. ಇಬ್ಬರೂ ಕೂಡಿ 1946ರಲ್ಲಿ ಒಳನಾಡಿನ ಜಲಮಾರ್ಗಗಳನ್ನು ಉಳಿಸುವುದಕ್ಕಾಗಿ ಒಂದು ಸಂಘ ಕಟ್ಟಿದರು. ಮುಚ್ಚಿಹೋಗಬೇಕಾಗಿದ್ದ ಎಷ್ಟೋ ಕಾಲುವೆಗಳಲ್ಲಿ ಹೂಳೆತ್ತಿ ಬಾಗಿಲು ರಿಪೇರಿ ಮಾಡಿದವರು ರಜೆಯ ದಿನ ಸನಿಕೆ ಹಿಡಿದು ಬಂದ ಸಾಮಾನ್ಯ ಜನ. 2012ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2000 ಮೈಲಿ ಜಲಮಾರ್ಗದ ಹೊಣೆ ಸರ್ಕಾರದ ಕೈಬಿಟ್ಟು ಒಂದು ಧರ್ಮದರ್ಶಿ ಸಂಸ್ಥೆಗೆ ಬಂತು. ಅಂದು ಕಲ್ಲಿದ್ದಲು ಹೊತ್ತ ಅಗಲದ ದೋಣಿಗಳಲ್ಲಿಯೇ ಇಂದು ಜನ ರಜೆ ಕಳೆಯುತ್ತಾರೆ, ಕೆಲವರು ಮನೆ ಮಾಡಿಕೊಂಡಿದ್ದಾರೆ.

ನಮಗೆ ಇನ್ನೂ ಹತ್ತಿರದ ಸಂಗತಿ ಮುಂದಿದೆ. ಇದೇ ರೋಲ್ಟ್ 1950ರಲ್ಲಿ ವೇಲ್ಸಿನ ಟಾಲಿಲಿನ್ ಎಂಬ ಹಳೆಯ ರೈಲನ್ನು ಉಳಿಸಲು ಜನರನ್ನು ಕೂಡಿಸಿದ. 1951ರಿಂದ ಸ್ವಯಂಸೇವಕರೇ ಅದನ್ನು ಓಡಿಸತೊಡಗಿದರು. ಜಗತ್ತಿನಲ್ಲಿ ಹೀಗೆ ಜನರೇ ಉಳಿಸಿಕೊಂಡ ಮೊದಲನೆಯ ರೈಲು ಅದು. ಅದರ ಕಂಬಿಗಳ ಅಂತರ ಎರಡು ಕಾಲು ಅಡಿ. ನಮ್ಮ ಚಿಕ್ಕಬಳ್ಳಾಪುರದ ರೈಲಿಗಿಂತಲೂ ಮೂರು ಅಂಗುಲ ಕಡಿಮೆ! ಅದು ಇಂದಿಗೂ ಓಡುತ್ತಿದೆ.

ನಮ್ಮದರಲ್ಲಿ ಉಳಿದದ್ದು ಕಟ್ಟಡಗಳು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಆ ಕಾಲದ ಪುಟ್ಟ ಸ್ಟೇಷನ್ನುಗಳಿವೆ. ಬಹಳ ಕಾಲ ಪಾಳುಬಿದ್ದಿದ್ದ ಇವುಗಳ ಜೀರ್ಣೋದ್ಧಾರವನ್ನು ಇಂಟ್ಯಾಕ್ ಸಂಸ್ಥೆ ರೈಲ್ವೆಯ ಜೊತೆಗೂಡಿ ಕೈಗೆತ್ತಿಕೊಂಡಿತು. 2021ರಲ್ಲಿ ಇದೇ ದಾರಿಯ ಮೇಲೆ ವಿಮಾನ ನಿಲ್ದಾಣದ ಹೆಸರಿನ ಹೊಸ ಹಾಲ್ಟ್ ಕೂಡ ತೆರೆಯಿತು. ನಿಧಾನದ ರೈಲಿಗಾಗಿ ಅಗೆದ ದಾರಿ ಈಗ ವಿಮಾನ ಹತ್ತುವವರನ್ನೂ ಕರೆದೊಯ್ಯುತ್ತಿದೆ.

ಕಟ್ಟಡ ಬಿಟ್ಟರೆ ಉಳಿದಿರುವುದು ಹಿರಿಯರ ನೆನಪು. ಅದಕ್ಕೆ ಜೀರ್ಣೋದ್ಧಾರ ಮಾಡುವವರು ಯಾರೂ ಇಲ್ಲ. ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಎಪ್ಪತ್ತು ದಾಟಿದ ತಾತಂದಿರು, ಅಜ್ಜಿಯಂದಿರು ಆ ರೈಲಿನಲ್ಲಿ ಕುಳಿತು ಮದುವೆಗೆ, ಸಂತೆಗೆ, ಬೆಂಗಳೂರಿನ ಆಸ್ಪತ್ರೆಗೆ ಹೋದವರು. ಮುಂದಿನ ಭಾನುವಾರ ಒಂದು ನೋಟ್‌ಬುಕ್ ಹಿಡಿದು ಅವರ ಮುಂದೆ ಕುಳಿತುಕೊಳ್ಳಿ. ಟಿಕೆಟ್ ಎಷ್ಟಿತ್ತು, ಎಷ್ಟು ಹೊತ್ತಿಗೆ ಹತ್ತಿ ಎಷ್ಟು ಹೊತ್ತಿಗೆ ಇಳಿಯುತ್ತಿದ್ದರು, ಬುತ್ತಿಗೆ ಏನು ಕಟ್ಟಿಕೊಳ್ಳುತ್ತಿದ್ದರು, ಏರಿನಲ್ಲಿ ಎಂಜಿನ್ ತಿಣುಕುವಾಗ ಹುಡುಗರು ಇಳಿದು ಜೊತೆಗೆ ಓಡಿ ಮತ್ತೆ ಹತ್ತುತ್ತಿದ್ದರೆಂಬುದು ನಿಜವೇ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಕೆಳಗೆ ಊರು, ತಾರೀಖು ಹಾಕಿ. ಹೋಗುವಾಗ ಆ ಬ್ಯಾಟನ್ನೂ ತೆಗೆದುಕೊಂಡು ಹೋಗಿ. ಕಂಬಿ ಎಷ್ಟಗಲವಿತ್ತು ಎಂದು ಅವರು ಕೈಯಗಲಿಸಿ ತೋರಿಸಿದಾಗ ಅಳತೆ ನೋಡಬಹುದು.