ಹಳೆ ಜೀಪಿಗೆ ಬೊಲೆರೊ ಡಿಸ್ಕ್ ಬ್ರೇಕ್: ಹಾಕಿಸುವ ಮುನ್ನ ಇದನ್ನು ತಿಳಿದಿರಿ

ಮಲೆನಾಡಿನ ತೋಟದ ದಾರಿ, ಘಾಟಿ ರಸ್ತೆಗಳಲ್ಲಿ ಓಡುವ ಹಳೆ ಮಹೀಂದ್ರಾ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವುದೇ ಹೆಚ್ಚು. ಇಳಿಜಾರಿನಲ್ಲಿ ಬ್ರೇಕ್ ತುಳಿದುಕೊಂಡೇ ಬಂದರೆ ಡ್ರಮ್ ಕಾದು ಹಿಡಿತ ಕಮ್ಮಿಯಾಗುತ್ತೆ. ಹಳ್ಳ ದಾಟುವಾಗ ಒಳಗೆ ನೀರು ಹೊಕ್ಕರೂ ಇದೇ ಕಥೆ. ಹೀಗಾಗಿ ಬೊಲೆರೊದ ಮುಂದಿನ ಡಿಸ್ಕ್ ಬ್ರೇಕ್ ತಂದು ಕೂರಿಸುವವರಿದ್ದಾರೆ. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ, ಬೇಗ ಒಣಗುತ್ತದೆ.

ಆದರೆ ಡಿಸ್ಕ್, ಕ್ಯಾಲಿಪರ್ ಮಾತ್ರ ಬದಲಿಸಿದರೆ ಸಾಲದು. ಗಮನಿಸಬೇಕಾದ್ದು:

* ಮಾಸ್ಟರ್ ಸಿಲಿಂಡರ್: ಕ್ಯಾಲಿಪರ್‌ಗೆ ಹೆಚ್ಚು ಬ್ರೇಕ್ ಆಯಿಲ್ ಬೇಕು. ಹಳೆಯದೇ ಇದ್ದರೆ ಪೆಡಲ್ ತಳ ಮುಟ್ಟಬಹುದು.
* ಬೂಸ್ಟರ್: ಡಿಸ್ಕ್‌ಗೆ ಒತ್ತಡ ಜಾಸ್ತಿ ಬೇಕು. ಡೀಸೆಲ್ ಗಾಡಿಯಲ್ಲಿ ಬೂಸ್ಟರ್‌ಗೆ ವ್ಯಾಕ್ಯೂಮ್ ಪಂಪ್ ಇರಲೇಬೇಕು.
* ಚಕ್ರ: ಹಳೆ ರಿಮ್ ಒಳಗೆ ಕ್ಯಾಲಿಪರ್ ತಾಗದೆ ತಿರುಗಬೇಕು.
* ಹಿಂದಿನ ಬ್ರೇಕ್: ಮುಂದಿನದಕ್ಕಿಂತ ಮೊದಲೇ ಹಿಂದಿನ ಚಕ್ರ ಲಾಕ್ ಆದರೆ ಗಾಡಿ ಅಡ್ಡ ತಿರುಗುತ್ತದೆ.
* ಗುಜರಿ ಮಾಲು: ತೆಳ್ಳಗೆ ಸವೆದ, ಬಿರುಕು ಬಿಟ್ಟ ಡಿಸ್ಕ್ ಬೇಡ. ರಬ್ಬರ್ ಸೀಲ್, ಹೋಸ್ ಹೊಸದೇ ಇರಲಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂ. ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆ ಕಂಪನಿಗೂ ತಿಳಿಸಿ.

ಇಷ್ಟು ಖರ್ಚು ಬೇಡ ಅನ್ನುವವರು ಲೈನಿಂಗ್, ವೀಲ್ ಸಿಲಿಂಡರ್, ಬ್ರೇಕ್ ಆಯಿಲ್ ಬದಲಿಸಿ ಡ್ರಮ್ ಸೆಟ್ಟಿಂಗ್ ಮಾಡಿಸಿದರೂ ಹಿಡಿತ ಸುಧಾರಿಸುತ್ತದೆ. ಬ್ರೇಕ್ ಯಾವುದೇ ಇರಲಿ, ಘಾಟಿ ಇಳಿಯುವಾಗ ಸಣ್ಣ ಗೇರ್‌ನಲ್ಲೇ ಇಳಿಯಬೇಕು.