ಅಂತಿಯೋಕ್ಯದ ಪಂಕ್ತಿ

ಹಜರತ್ ಈಸಾ ಅಲೈಹಿಸ್ಸಲಾಮರ ಧರ್ಮವನ್ನು ಕೆಡಿಸಿದವನು ಪೌಲ ಎಂಬ ಮಾತನ್ನು ನಾನು ಮೊದಲು ಓದಿದ್ದು ಉರ್ದು ಶಾಲೆಯ ದಿನಗಳಲ್ಲಿ, ಮಸೀದಿಯ ಕಪಾಟಿನಲ್ಲಿದ್ದ ಒಂದು ಸಣ್ಣ ಪುಸ್ತಿಕೆಯಲ್ಲಿ. ಎಷ್ಟೋ ವರ್ಷ ಅದನ್ನೇ ನಾನೂ ಹೇಳಿಕೊಂಡು ಬಂದೆ. ಒಮ್ಮೆ ಕಥಾ ಕಮ್ಮಟವೊಂದರ ಊಟದ ಹೊತ್ತಿನಲ್ಲಿ ಹೀಗೆ ಹೇಳಿದಾಗ ಪಕ್ಕದಲ್ಲಿ ಕುಳಿತಿದ್ದ ಕ್ರೈಸ್ತ ಮೇಷ್ಟ್ರೊಬ್ಬರು ಕೋಪಿಸಿಕೊಳ್ಳಲಿಲ್ಲ. "ಆತನ ಪತ್ರ ಒಂದನ್ನಾದರೂ ಓದಿದ್ದೀರಾ ಸಾಹೇಬರೇ?" ಎಂದಷ್ಟೇ ಕೇಳಿದರು. ಓದಿರಲಿಲ್ಲ. ಕುರ್‌ಆನಿನ ಒಂದು ಪುಟವನ್ನೂ ತೆರೆಯದೆ ನಮ್ಮ ಬಗ್ಗೆ ತೀರ್ಪು ಕೊಡುವವರನ್ನು ಟೀಕಿಸಿ ಲೇಖನ ಬರೆದಿದ್ದ ನಾನು, ಅನ್ನ ಕಲಸುತ್ತ ಸುಮ್ಮನಾದೆ.

ಆಮೇಲೆ ಕನ್ನಡ ಬೈಬಲ್ ತಂದು ಗಲಾತ್ಯದವರಿಗೆ ಬರೆದ ಪತ್ರವನ್ನು ಓದಿದೆ. ಮೊದಲು ಕಣ್ಣಿಗೆ ಬಿದ್ದದ್ದು 'ಸುನ್ನತಿ' ಎಂಬ ಪದ. ನಮ್ಮ ಮನೆಗಳ ಆ ಪದವನ್ನೇ ಕನ್ನಡ ಬೈಬಲಿನ ಅನುವಾದಕರು ಬಳಸಿದ್ದಾರೆ. ಪತ್ರದ ಜಗಳವೆಲ್ಲ ಅದರ ಸುತ್ತಲೇ ಇದೆ. ದೇವರು ಒಬ್ಬನೋ ಮೂವರೋ ಎಂಬ ಚರ್ಚೆ ಅಲ್ಲಿಲ್ಲ. ಪರರು, ಅಂದರೆ ಯಹೂದಿಗಳಲ್ಲದವರು, ಸುನ್ನತಿ ಮಾಡಿಸಿಕೊಳ್ಳಬೇಕೇ, ಅವರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣಬಹುದೇ ಎಂಬುದೇ ಅಲ್ಲಿನ ಪ್ರಶ್ನೆ.

ನಮ್ಮ ಗ್ರಂಥಗಳಲ್ಲೇ ಇಬ್ಬರು ಪೌಲರಿದ್ದಾರೆ ಎಂಬುದು ಆ ಪುಸ್ತಿಕೆ ಬರೆದವರಿಗೆ ತಿಳಿದಿತ್ತೋ ಇಲ್ಲವೋ. ಸೂರಃ ಯಾಸೀನಿನಲ್ಲಿ ಒಂದು ಊರಿಗೆ ಬಂದ ಮೂವರು ಸಂದೇಶವಾಹಕರ ಪ್ರಸಂಗ ಬರುತ್ತದೆ. ಆ ಊರು ಅಂತಾಕಿಯಾ ಎಂದು ಹಲವು ಮುಫಸ್ಸಿರರು ಹೇಳಿದ್ದಾರೆ. ಮೂವರಲ್ಲಿ ಒಬ್ಬನ ಹೆಸರು ಬೂಲುಸ್, ಅಂದರೆ ಪೌಲ, ಎಂಬ ಒಂದು ವರದಿಯನ್ನು 14ನೇ ಶತಮಾನದ ಇಬ್ನ್ ಕಸೀರರು ತಮ್ಮ ತಫ್ಸೀರಿನಲ್ಲಿ ದಾಖಲಿಸಿದ್ದಾರೆ. ಊರಿನ ಗುರುತಿನ ಬಗ್ಗೆ ಅವರಿಗೇ ಅನುಮಾನವಿತ್ತು, ಅದು ಬೇರೆ ಮಾತು. ಇನ್ನೊಂದು ಕಡೆ, 1025ರಲ್ಲಿ ತೀರಿಕೊಂಡ ರೈ ಪಟ್ಟಣದ ಖಾಜಿ ಅಬ್ದುಲ್ ಜಬ್ಬಾರರ ಪೌಲನಿದ್ದಾನೆ. ಆತ ಅಧಿಕಾರದ ಆಸೆಗೆ ರೋಮನರ ಆಚಾರಗಳನ್ನು ಧರ್ಮದೊಳಗೆ ತಂದವನು. ರೋಮನರು ಕ್ರೈಸ್ತರಾಗಲಿಲ್ಲ, ಕ್ರೈಸ್ತರೇ ರೋಮನರಾದರು ಎಂಬುದು ಖಾಜಿಯವರ ವಾದ. ನಮಗೆ ಉಳಿದುಬಂದದ್ದು ಈ ಎರಡನೆಯವನು.

ಪೌಲನನ್ನು ಹುಡುಕಬೇಕಾದದ್ದು ಆತನ ಪತ್ರಗಳಲ್ಲೇ. ಹೊಸ ಒಡಂಬಡಿಕೆಯಲ್ಲಿ ಆತನ ಹೆಸರಿನಲ್ಲಿ 13 ಪತ್ರಗಳಿವೆ. ರೋಮಾಪುರ, ಗಲಾತ್ಯ, ಫಿಲಿಪ್ಪಿ ಮತ್ತು ಥೆಸಲೋನಿಕದವರಿಗೆ ಬರೆದವು (ಥೆಸಲೋನಿಕದ್ದು ಮೊದಲನೆಯದು ಮಾತ್ರ), ಕೊರಿಂಥದ ಎರಡು, ಫಿಲೆಮೋನನೆಂಬ ವ್ಯಕ್ತಿಗೆ ಬರೆದ ಚೀಟಿಯಂಥ ಒಂದು - ಈ ಏಳು ಆತನವೇ ಎಂದು ವಿದ್ವಾಂಸರು ಒಪ್ಪುತ್ತಾರೆ. ಕಾಲ ಸುಮಾರು ಕ್ರಿ.ಶ. 50ರಿಂದ 60ರ ಒಳಗೆ. ಅಂದರೆ ನಾಲ್ಕು ಸುವಾರ್ತೆಗಳಿಗಿಂತಲೂ ಹಳೆಯವು. ಕಾಲ ಹೇಳಲು ಒಂದು ಕಲ್ಲಿನ ಸಾಕ್ಷಿಯೂ ಇದೆ. ಕೊರಿಂಥದಲ್ಲಿ ಪೌಲನ ವಿಚಾರಣೆ ಗಲ್ಲಿಯೋನನೆಂಬ ರೋಮನ್ ಅಧಿಪತಿಯ ಮುಂದೆ ನಡೆಯಿತೆಂದು 'ಅಪೊಸ್ತಲರ ಕೃತ್ಯಗಳು' ಹೇಳುತ್ತದೆ. ಈತ ತತ್ವಜ್ಞಾನಿ ಸೆನೆಕನ ಅಣ್ಣ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಚಕ್ರವರ್ತಿ ಕ್ಲಾಡಿಯಸನ ಶಾಸನದಿಂದ ಗಲ್ಲಿಯೋನ ಅಧಿಕಾರದಲ್ಲಿದ್ದದ್ದು 51ರ ಸುಮಾರಿಗೆ ಎಂದು ಗೊತ್ತಾಗಿದೆ.

ಸೌಲ ಎಂಬ ಯಹೂದಿ ಮತಾಂತರಗೊಂಡು ಪೌಲನಾದ ಎಂಬುದು ಪ್ರಚಲಿತ ಕಥೆ. 'ಕೃತ್ಯಗಳು' ಹೇಳುವುದು ಬೇರೆ: ಆತನಿಗೆ ಎರಡೂ ಹೆಸರುಗಳಿದ್ದವು. ಮನೆಯಲ್ಲಿ ಒಂದು, ಶಾಲೆಯ ರಿಜಿಸ್ಟರಿನಲ್ಲಿ ಇನ್ನೊಂದು ಹೆಸರಿರುವ ನಮ್ಮ ಮಕ್ಕಳ ಹಾಗೆ. ಆತನೇ ಬರೆದುಕೊಂಡಂತೆ ಎಂಟನೆಯ ದಿನ ಸುನ್ನತಿಯಾದವನು, ಬೆನ್ಯಾಮೀನನ ಕುಲದವನು, ಫರಿಸಾಯ ಪಂಥದವನು. ಸತ್ತವರು ಅಂತ್ಯದಿನದಲ್ಲಿ ಎದ್ದು ಬರುವರೆಂದು ನಂಬಿದವರು ಫರಿಸಾಯರು. ದೇವಾಲಯದ ಅಧಿಕಾರ ಹಿಡಿದಿದ್ದ ಸದ್ದುಕಾಯರು ಅದನ್ನು ಒಪ್ಪುತ್ತಿರಲಿಲ್ಲ. ಕಿಯಾಮತ್ತಿನ ನಂಬಿಕೆಯುಳ್ಳ ನಮಗೆ ಪೌಲನ ಮನಸ್ಸನ್ನು ಹೊಗಲು ಇದೇ ಬಾಗಿಲು. ಆ ದಿನ ತನ್ನ ಕಣ್ಣೆದುರೇ ಬಂದುಬಿಟ್ಟಿತೆಂದು ನಂಬಿ ಓಡಾಡಿದ ಮನುಷ್ಯ ಆತ. ಪತ್ರಗಳಲ್ಲಿ ಕಾಣುವ ಅವಸರಕ್ಕೂ ಸಿಟ್ಟಿಗೂ ಕಾರಣ ಅದೇ.

'ಕ್ರೈಸ್ತ' ಎಂಬ ಪದವನ್ನು ಆತ ಈ ಪತ್ರಗಳಲ್ಲಿ ಒಮ್ಮೆಯೂ ಬಳಸಿಲ್ಲ. ಹೊಸ ಧರ್ಮಕ್ಕೆ ಹೋದೆ ಎಂದೂ ಹೇಳುವುದಿಲ್ಲ. ತನಗೆ ಯಹೂದಿಗಳಿಂದ ಐದು ಸಲ ಒಂದು ಕಡಿಮೆ ನಲವತ್ತು ಛಡಿಯೇಟು ಬಿದ್ದವೆಂದು ಲೆಕ್ಕ ಕೊಡುತ್ತಾನೆ. ಇದು ಸಭಾಮಂದಿರ ತನ್ನವರಿಗೆ ಕೊಡುತ್ತಿದ್ದ ಶಿಕ್ಷೆ. ಹೊರಗೆ ಹೋದವನು ಅದಕ್ಕೆ ಬೆನ್ನು ಕೊಡಬೇಕಾಗಿರಲಿಲ್ಲ. ಐದು ಸಲ ಕೊಟ್ಟಿದ್ದಾನೆಂದರೆ ಐದು ಸಲವೂ ಒಳಗೇ ಉಳಿದಿದ್ದಾನೆ. ದಮಸ್ಕದ ದರ್ಶನದ ನಂತರ ಆತ ಹೋದದ್ದು ಅರೇಬಿಯಕ್ಕೆ, ಎಂದರೆ ಪೆಟ್ರಾ ನಗರದಿಂದ ಆಳುತ್ತಿದ್ದ ನಬತಿ ಅರಬರ ರಾಜ್ಯಕ್ಕೆ ಎಂಬುದೂ ನನಗೆ ಹೊಸ ವಿಷಯವಾಗಿತ್ತು. ಅಲ್ಲಿನ ದೊರೆ ಅರೇತನ ಅಧಿಕಾರಿ ಮುಂದೆ ದಮಸ್ಕದಲ್ಲಿ ಆತನನ್ನು ಹಿಡಿಯಲು ಕಾವಲಿಟ್ಟ. ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ಇಳಿದು ಪಾರಾದ.

ಆತ ಬರೆದದ್ದು ಗ್ರೀಕಿನಲ್ಲಿ. ತೋರಾ ಓದಿ ಉದ್ಧರಿಸುವುದೂ ಅಲೆಕ್ಸಾಂಡ್ರಿಯಾದಲ್ಲಿ ಶುರುವಾದ ಗ್ರೀಕ್ ಅನುವಾದದಿಂದಲೇ. ಆ ಭಾಷೆಯ ಪದಗಳಿಗೆ ಅಂದಿನ ಬೀದಿಯಲ್ಲಿ ಬೇರೆ ವಾಸನೆಯಿತ್ತು. ಜೂಲಿಯಸ್ ಸೀಸರನನ್ನು ದೇವರೆಂದು ಸಾರಿದ ಮೇಲೆ ದತ್ತುಮಗ ಅಗಸ್ಟಸ್ ನಾಣ್ಯಗಳಲ್ಲಿ 'ದೇವಪುತ್ರ'ನಾದ. ಪ್ರಿಯೇನೆ ಎಂಬ ಊರಿನಲ್ಲಿ ಸಿಕ್ಕ ಕ್ರಿ.ಪೂ. 9ರ ಶಾಸನ ಅಗಸ್ಟಸನ ಜನ್ಮದಿನವನ್ನು ಶುಭವಾರ್ತೆಯೆಂದು ಕರೆಯುತ್ತದೆ. ಅಲ್ಲಿರುವ ಗ್ರೀಕ್ ಪದವೇ ಪೌಲನ 'ಸುವಾರ್ತೆ'. ನಮ್ಮ 'ಇಂಜೀಲ್' ಪದದ ಬೇರೂ ಅದೇ. ರೋಮ್ ಶಿಲುಬೆಗೇರಿಸಿದ ಒಬ್ಬರನ್ನು ಒಡೆಯರೆಂದು ಸಾರಲು, ರೋಮಿನ ದರ್ಬಾರಿನ ಪದಗಳನ್ನೇ ಪೌಲ ಕಿತ್ತುಕೊಂಡಿದ್ದಾನೆ. ಶಿಲುಬೆಯ ಮಾತು ಬಂದಲ್ಲಿ ನಮ್ಮ ನಂಬಿಕೆ ಬೇರೆ. ಆದರೆ ಗುಲಾಮರೂ ಕೂಲಿಗಳೂ ಸೇರುತ್ತಿದ್ದ ಆ ಕೂಟಗಳಲ್ಲಿ ಈ ಮಾತು ಹೇಗೆ ಕೇಳಿಸಿರಬೇಕೆಂದು ಊಹಿಸಲು ನಂಬಿಕೆ ಒಂದೇ ಆಗಿರಬೇಕಿಲ್ಲ.

ಈಗ ಅಂತಿಯೋಕ್ಯಕ್ಕೆ ಬರೋಣ. ಇಂದಿನ ತುರ್ಕಿಯ ಅಂತಾಕ್ಯ. 2023ರ ಫೆಬ್ರವರಿಯ ಭೂಕಂಪದಲ್ಲಿ ಈ ಊರು ನೆಲಸಮವಾದಾಗ, ಯಾಸೀನಿನ ಆ ಪ್ರಸಂಗದೊಂದಿಗೆ ಹೆಸರು ಕೂಡಿಕೊಂಡಿರುವ ಹಬೀಬ್ ನಜ್ಜಾರ್ ಮಸೀದಿಯೂ ಕುಸಿಯಿತು. ಪೌಲನ ಕಾಲದಲ್ಲಿ ಇದು ಸಾಮ್ರಾಜ್ಯದ ಮೂರನೆಯ ದೊಡ್ಡ ನಗರವಾಗಿತ್ತು. ಯಹೂದಿಗಳ ಪ್ರಾರ್ಥನೆಗೆ ಆಕರ್ಷಿತರಾದ ಗ್ರೀಕರು ಇಲ್ಲಿ ಬಹಳ ಇದ್ದರೆಂದು ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಈಸಾರ ಅನುಯಾಯಿಗಳಲ್ಲೂ ಎರಡೂ ಬಗೆಯವರಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು. ಯೆರೂಸಲೇಮಿನಿಂದ ಬಂದ ಪೇತ್ರನೂ ಅವರ ಜೊತೆ ಕುಳಿತ. ಆಮೇಲೆ ಯಾಕೋಬನ ಕಡೆಯವರು ಬಂದರು. ಪೇತ್ರ ಪಂಕ್ತಿಯಿಂದ ಹಿಂದೆ ಸರಿದ. ಉಳಿದ ಯಹೂದಿಗಳೂ, ಪೌಲನ ಜೊತೆಗಾರ ಬಾರ್ನಬನೂ ಎದ್ದರು. ಪೌಲ ಎಲ್ಲರ ಮುಂದೆ ಪೇತ್ರನ ಮುಖಕ್ಕೆ ಹೊಡೆದಂತೆ ಮಾತಾಡಿದ. ಗಲಾತ್ಯದ ಪತ್ರದಲ್ಲಿ ಈ ಜಗಳ ಬಿಸಿಬಿಸಿಯಾಗಿದೆ. ತಾನು ಗೆದ್ದೆ ಎಂದು ಮಾತ್ರ ಪೌಲ ಎಲ್ಲೂ ಹೇಳುವುದಿಲ್ಲ. ಗೆದ್ದಿದ್ದರೆ ಹೇಳದೆ ಬಿಡುವ ಸ್ವಭಾವದವನಲ್ಲ.

ಯಾಕೋಬನ ಕಡೆಯವರನ್ನು ಸಂಕುಚಿತರೆಂದು ತಳ್ಳಿಹಾಕಿ ಮುಂದೆ ಹೋಗುವುದು ನನ್ನಿಂದಾಗದು. ಗ್ರೀಕರ ಊರುಗಳಲ್ಲಿ ಮಾಂಸ ಎಷ್ಟೋ ಸಲ ಗುಡಿಯ ಬಲಿಯಿಂದ ಬರುತ್ತಿತ್ತು. ಔತಣದಲ್ಲಿ ದ್ರಾಕ್ಷಾರಸವನ್ನು ದೇವತೆಗಳ ಹೆಸರಿನಲ್ಲಿ ಚೆಲ್ಲುತ್ತಿದ್ದರು. ಮದುವೆಮನೆಯಲ್ಲಿ 'ಹಲಾಲ್ ತಾನೇ?' ಎಂದು ಮೆಲ್ಲಗೆ ಕೇಳಿ ಕೂರುವ ನಮಗೆ ಆ ಹಿಂಜರಿಕೆ ಅರ್ಥವಾಗಬೇಕು. ಸುನ್ನತಿಯೂ ಬರೀ ಶಾಸ್ತ್ರವಾಗಿರಲಿಲ್ಲ. ಕ್ರಿ.ಪೂ. 167ರ ಸುಮಾರಿಗೆ ಅರಸ ನಾಲ್ಕನೆಯ ಅಂತಿಯೋಕನು ಅದನ್ನು ನಿಷೇಧಿಸಿದಾಗ, ಮಕ್ಕಳಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನು ಕೊಂದರು. ಅಷ್ಟು ರಕ್ತ ಕೊಟ್ಟು ಉಳಿಸಿಕೊಂಡ ಗುರುತನ್ನು ಇದು ಬೇಡ ಎಂದು ಒಬ್ಬ ಹೇಳಿದರೆ ಜನ ಸಿಟ್ಟಾಗದಿರುತ್ತಾರೆಯೇ?

ಪೌಲ ಹೇಳಿದ್ದು ಯಹೂದಿಗಳಿಗೆ ಅದು ಬೇಡ ಎಂದಲ್ಲ. ಸುನ್ನತಿಯಾದವನು ಹಾಗೆಯೇ ಇರಲಿ, ಆಗದವನೂ ಹಾಗೆಯೇ ಇರಲಿ ಎಂದು ಕೊರಿಂಥದವರಿಗೆ ಬರೆಯುತ್ತಾನೆ. ಪರರು ವಿಗ್ರಹಗಳನ್ನು ಬಿಡಲೇಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಅವರು ಯಹೂದಿಗಳಾಗಬೇಕಿಲ್ಲ. ಏಕೆಂದರೆ ಅಂತ್ಯಕಾಲದಲ್ಲಿ ಎಲ್ಲ ಜನಾಂಗಗಳೂ ಏಕದೇವನ ಬಳಿಗೆ ಬರುತ್ತವೆಂದು ಪ್ರವಾದಿ ಯೆಶಾಯ ಹೇಳಿದ್ದರು; ಬರುವವರು ಜನಾಂಗಗಳಾಗಿಯೇ ಬರಬೇಕು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಆತ ಇದಕ್ಕೆ ಕೊಡುವ ಕಾರಣ ನೋಡಿ: ದೇವರು ಒಬ್ಬನೇ ಆದದ್ದರಿಂದ ಆತ ಯಹೂದಿಗಳಿಗೆ ಮಾತ್ರ ದೇವರಾಗಿರಲಾರ. ತೌಹೀದನ್ನೇ ಆಧಾರ ಮಾಡಿಕೊಂಡು ಪಂಕ್ತಿಭೇದವನ್ನು ತೆಗೆಯುವ ವಾದ ಇದು. ನಮ್ಮ ಪುಸ್ತಿಕೆಯಲ್ಲಿ ಇದರ ಸುಳಿವೇ ಇರಲಿಲ್ಲ.

ಎರಡನೆಯ ಆಧಾರ ಹಜರತ್ ಇಬ್ರಾಹೀಮರು. ಅವರ ವಿಶ್ವಾಸವನ್ನು ದೇವರು ಮೆಚ್ಚಿದ್ದು ಸುನ್ನತಿಗೆ ಮೊದಲು; ಮೂಸಾರ ಧರ್ಮಶಾಸ್ತ್ರ ಬಂದದ್ದಂತೂ ಎಷ್ಟೋ ಶತಮಾನಗಳ ಮೇಲೆ. ಹಾಗಾದರೆ ವಿಶ್ವಾಸಿಗಳ ತಂದೆಯಾಗಲು ಅವರಿಗೆ ಯಾವುದು ಬೇಕಾಗಿತ್ತು ಎಂದು ಪೌಲ ಕೇಳುತ್ತಾನೆ. ಇದನ್ನು ಓದುವಾಗ ಸೂರಃ ಆಲಿ ಇಮ್ರಾನ್ ನೆನಪಾಗದಿರದು. ತೌರಾತ್, ಇಂಜೀಲ್‌ಗಳು ಇಬ್ರಾಹೀಮರ ನಂತರ ಬಂದವು, ಅವರು ಯಹೂದಿಯೂ ಅಲ್ಲ ಕ್ರೈಸ್ತರೂ ಅಲ್ಲ ಎಂಬ ವಾದ ಅಲ್ಲೂ ಇದೆ. ತಲುಪುವ ಜಾಗ ಬೇರೆಯಾದರೂ ವಾದದ ಹೆಜ್ಜೆ ಒಂದೇ.

ಇಷ್ಟು ದೂರ ಪೌಲನ ಜೊತೆ ನಡೆದವನು ಗಲಾತ್ಯದ ನಾಲ್ಕನೆಯ ಅಧ್ಯಾಯದಲ್ಲಿ ನಿಂತುಬಿಟ್ಟೆ. ಅಲ್ಲಿ ಆತ ಬೀಬಿ ಹಾಜಿರಾರನ್ನು ದಾಸ್ಯದ ಸಂಕೇತ ಮಾಡುತ್ತಾನೆ. ಸಾರಾ ಸ್ವತಂತ್ರಳು, ಆಕೆಯ ಮಕ್ಕಳು ವಾಗ್ದಾನದ ಮಕ್ಕಳು. ಹಾಜಿರಾ ದಾಸಿ, ಆಕೆಯ ಮಕ್ಕಳು ಹೊರಗೆ ಹೋಗಬೇಕಾದವರು. ಸಫಾ ಮರ್ವಾಗಳ ನಡುವೆ ಆ ತಾಯಿಯ ಓಟವನ್ನು ಇಂದಿಗೂ ಓಡುವ ಜನ ನಾವು. ಸಂಕೇತ ಕಟ್ಟುವುದು ಅಂದಿನ ಗ್ರೀಕ್ ಕಲಿತ ಯಹೂದಿಗಳ ರೂಢಿ ಎಂಬುದು ನನಗೆ ಗೊತ್ತು. ಅದೇ ಕಾಲದ ಅಲೆಕ್ಸಾಂಡ್ರಿಯಾದ ಫಿಲೋ ಕೂಡ ಹಾಜಿರಾರನ್ನು ಶಾಲೆಯ ಪ್ರಾಥಮಿಕ ವಿದ್ಯೆಗೂ ಸಾರಾರನ್ನು ಪರಿಪೂರ್ಣ ಜ್ಞಾನಕ್ಕೂ ಹೋಲಿಸಿದ. ಪೌಲನ ಗುರಿ ಅರಬರಲ್ಲ, ಗಲಾತ್ಯದಲ್ಲಿದ್ದ ಎದುರಾಳಿ ಬೋಧಕರು ಎಂಬುದೂ ಗೊತ್ತು. ಆದರೂ ಒಂದು ಪಂಕ್ತಿಯನ್ನು ತೆರೆಯಲು ಹೊರಟವನು ಇನ್ನೊಬ್ಬ ತಾಯಿಯನ್ನು ಅಂಗಳದಾಚೆ ನಿಲ್ಲಿಸಿದ್ದನ್ನು ನನಗೆ ಕ್ಷಮಿಸಲಾಗಲಿಲ್ಲ. ಕಥೆ ಬರೆಯುವವನಾಗಿ ಹೇಳುತ್ತೇನೆ, ಪಾತ್ರವನ್ನು ಸಂಕೇತ ಮಾಡಿದ ಕೂಡಲೇ ಆಕೆಯ ಬಾಯಾರಿಕೆ ನಮಗೆ ಕಾಣುವುದಿಲ್ಲ.

ಮತಭೇದ ಇನ್ನೂ ದೊಡ್ಡದಿದೆ, ಅದನ್ನು ಮುಚ್ಚಿಡಬಾರದು. ಯಹೂದಿಗಳು ದಿನವೂ ಹೇಳುವ ಏಕದೇವನ ಸಾಕ್ಷ್ಯದೊಳಕ್ಕೇ ಪೌಲ ಕೊರಿಂಥದ ಪತ್ರದಲ್ಲಿ ಒಬ್ಬನೇ ಒಡೆಯನೆಂದು ಈಸಾರನ್ನು ಸೇರಿಸುತ್ತಾನೆ. ದೇವರ ಜ್ಞಾನ, ದೇವರ ವಚನ ಸೃಷ್ಟಿಯಲ್ಲಿ ಪಾಲುಗೊಂಡವೆಂದು ಮಾತಾಡುತ್ತಿದ್ದ ಯಹೂದಿ ಪರಂಪರೆ ಆತನ ಹಿಂದಿತ್ತು, ನಿಜ. ಮುಸ್ಲಿಮನಿಗೆ ಅದು ಸಾಲದು. ನಾನು ಅಲ್ಲಿ ಬೇರೆ ದಾರಿ ಹಿಡಿಯುತ್ತೇನೆ. ಆದರೆ 325ರ ನಿಕೇಯ ಸಭೆಯ ಪರಿಭಾಷೆಯನ್ನು 50ರ ದಶಕದ ಪತ್ರಗಳ ಮೇಲೆ ಹೊರಿಸುವುದು ನ್ಯಾಯವಲ್ಲ.

ಪೌಲನನ್ನು ಕಿತ್ತು ಬೇರೆ ಕಾಲಕ್ಕೆ ನೆಟ್ಟವರು ನಾವು ಮಾತ್ರವಲ್ಲ. ಕನ್ನಡ ಬೈಬಲ್ 'ನೇಮನಿಷ್ಠೆ' ಎನ್ನುವ ಧರ್ಮಶಾಸ್ತ್ರದ ಕಾರ್ಯಗಳನ್ನು ಮಾರ್ಟಿನ್ ಲೂಥರ್, ಮನುಷ್ಯ ಪುಣ್ಯ ಗಳಿಸಲು ಮಾಡುವ ಎಲ್ಲ ಪ್ರಯತ್ನಗಳೆಂದು ಓದಿದ. ಅಲ್ಲಿಂದ ಯಹೂದಿ ಧರ್ಮವೆಂದರೆ ಪುಣ್ಯದ ಲೆಕ್ಕದ ಒಣಧರ್ಮ ಎಂಬ ಚಿತ್ರ ಬಂತು. 1543ರಲ್ಲಿ ಅದೇ ಲೂಥರ್ ಯಹೂದಿಗಳ ಸಭಾಮಂದಿರಗಳನ್ನು ಸುಡಬೇಕೆಂದು ಬರೆದ. ಒಂದು ಮನೆಯೊಳಗಿನ ಜಗಳದ ಮಾತು ಹೊರಗಿನವರ ಕೈಯಲ್ಲಿ ಕೊಳ್ಳಿಯಾಯಿತು. ಯುರೋಪಿನ ಯಹೂದಿಗಳ ನರಮೇಧದ ನಂತರವೇ ವಿದ್ವಾಂಸರು ತಿರುಗಿ ನೋಡಿದ್ದು. 1963ರಲ್ಲಿ ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್, ಪಾಪಪ್ರಜ್ಞೆಯಿಂದ ಬಳಲುವ ಪೌಲ ಪಶ್ಚಿಮದ ಕಲ್ಪನೆ, ನಿಜವಾದ ಪೌಲನ ಚಿಂತೆ ಪರರದು ಎಂದು ತೋರಿಸಿದರು. 1977ರಲ್ಲಿ ಇ.ಪಿ. ಸ್ಯಾಂಡರ್ಸ್, ಅಂದಿನ ಯಹೂದಿ ಧರ್ಮ ಕೃಪೆಯ ತಳಹದಿಯ ಮೇಲೇ ನಿಂತಿತ್ತೆಂದು ಯಹೂದಿ ಗ್ರಂಥಗಳಿಂದಲೇ ಸಾಧಿಸಿದರು. ಕುಮ್ರಾನಿನ ಗುಹೆಯ ಸುರುಳಿಯೊಂದು 1994ರಲ್ಲಿ ಪೂರ್ಣವಾಗಿ ಪ್ರಕಟವಾದಾಗ ಅದರಲ್ಲೂ ಧರ್ಮಶಾಸ್ತ್ರದ ಕಾರ್ಯಗಳೆಂಬ ಅದೇ ನುಡಿಗಟ್ಟು ಸಿಕ್ಕಿತು. ಅಲ್ಲಿ ಅದು ಶುದ್ಧಿ, ಮಡಿಯಂಥ ವಿಷಯಗಳಲ್ಲಿ ಒಂದು ಪಂಗಡವನ್ನು ಇನ್ನೊಂದರಿಂದ ಬೇರ್ಪಡಿಸುವ ನಿಯಮಗಳಿಗೆ ನಿಂತಿದೆ.

ಪೌಲ ಕೊನೆಗೆ ಯೆರೂಸಲೇಮಿಗೆ ಹೋದ. ಗ್ರೀಸಿನ ಪರರಿಂದ ಎತ್ತಿದ ಹಣವನ್ನು ಯೆರೂಸಲೇಮಿನ ಬಡ ಯಹೂದಿ ವಿಶ್ವಾಸಿಗಳಿಗೆ ಮುಟ್ಟಿಸುವುದು ಅವನ ಉದ್ದೇಶ. ಹೊರಡುವ ಮುನ್ನ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅಳುಕಿದೆ: ನನ್ನ ಈ ಸೇವೆಯನ್ನು ಅವರು ಸ್ವೀಕರಿಸುವಂತೆ ಪ್ರಾರ್ಥಿಸಿ ಎಂದು ಕೇಳಿಕೊಳ್ಳುತ್ತಾನೆ. ದೇವಾಲಯದ ಒಳ ಅಂಗಳಕ್ಕೆ ಒಂದು ತಡೆಗೋಡೆಯಿತ್ತು. ದಾಟಿದ ಪರನ ಸಾವಿಗೆ ಅವನೇ ಹೊಣೆ ಎಂದು ಗ್ರೀಕಿನಲ್ಲಿ ಬರೆದ ಕಲ್ಲುಗಳಿದ್ದವು. 1871ರಲ್ಲಿ ಸಿಕ್ಕ ಅಂಥ ಒಂದು ಕಲ್ಲು ಇಂದು ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಎಫೆಸದ ತ್ರೊಫಿಮನೆಂಬ ಗ್ರೀಕನನ್ನು ಆ ಗೋಡೆ ದಾಟಿಸಿದನೆಂಬ ಆರೋಪದ ಮೇಲೆ ಜನ ಪೌಲನ ಮೇಲೆ ಬಿದ್ದರು, ರೋಮನ್ ಸಿಪಾಯಿಗಳು ಹಿಡಿದೊಯ್ದರು. 'ಕೃತ್ಯಗಳು' ಆತನನ್ನು ಹಡಗು ಹತ್ತಿಸಿ, ರೋಮಿನ ಬಾಡಿಗೆ ಮನೆಯಲ್ಲಿ ಎರಡು ವರ್ಷ ಇರಿಸಿ ನಿಂತುಬಿಡುತ್ತದೆ. ಆ ಹಣವನ್ನು ಯಾಕೋಬ ಕೈನೀಡಿ ತೆಗೆದುಕೊಂಡನೇ ಇಲ್ಲವೇ ಎಂಬುದನ್ನು ಅದು ಹೇಳುವುದೇ ಇಲ್ಲ.